ನೆನೆಸಿದ ಎಲೆ, ಒಣಗಿದ ಬೀಡಿ

ಆಟಿ ತಿಂಗಳಲ್ಲಿ ಕರಾವಳಿಯ ಅಡುಗೆಮನೆ ನಡೆಸುವವಳಿಗೆ ತೇವ ಎಂದರೇನು ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ಉಪ್ಪಿನ ಭರಣಿಯಲ್ಲಿ ನೀರು ಒಸರುತ್ತದೆ. ಬೇಸಗೆಯಲ್ಲಿ ಒಣಗಿಸಿ ಡಬ್ಬಿ ತುಂಬಿಸಿಟ್ಟ ಹಪ್ಪಳ ರಬ್ಬರಿನಂತಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಬೆಂಕಿ ಹತ್ತುವುದಿಲ್ಲ. ಸೌದೆ ಉರಿಯುವುದಕ್ಕಿಂತ ಹೊಗೆ ಕಾರುವುದೇ ಹೆಚ್ಚು. ಇಷ್ಟೆಲ್ಲ ಕಾಟ ಕೊಡುವ ತೇವಕ್ಕೆ ನಾವು ತರಗತಿಯಲ್ಲಿ ಕಲಿಸುವ ಚರಿತ್ರೆಯಲ್ಲಿ ಮಾತ್ರ ಜಾಗವಿಲ್ಲ. ಅಲ್ಲಿ ರಾಜರಿದ್ದಾರೆ, ಯುದ್ಧಗಳಿವೆ, ಒಪ್ಪಂದಗಳಿವೆ. ಆದರೆ ಕೆಲವು ವಸ್ತುಗಳ ಚರಿತ್ರೆಯನ್ನು ತೇವ ಬಿಟ್ಟು ಹೇಳಲಿಕ್ಕೇ ಬರುವುದಿಲ್ಲ. ಹೊಗೆಸೊಪ್ಪು ಅಂಥದ್ದೊಂದು ವಸ್ತು.

ಸೇದದ ಹೆಂಗಸೊಬ್ಬಳಿಗೆ ಚುಟ್ಟ, ಬೀಡಿಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ಪಾಠ ಹೇಳಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಬೀಡಿ ಕಟ್ಟಿ ಶಾಲೆಯ ಫೀಸು ಕಟ್ಟಿದವರು. ಮನೆಯಲ್ಲಿ ಸೇದುವ ಗಂಡಸು ಇರಲಿ ಇಲ್ಲದಿರಲಿ, ಬೀಡಿಯ ಮೊರ ಮಾತ್ರ ಇತ್ತು. ಹೊಗೆ ಬಿಟ್ಟವರು ಯಾರೋ, ಅದಕ್ಕಾಗಿ ಬೆರಳು ಸವೆಸಿದವರು ಯಾರೋ. ಹಾಗಾಗಿ ಈ ಕಥೆಯನ್ನು ಸೇದುವವರ ಕಡೆಯಿಂದಲ್ಲ, ಕಟ್ಟುವವರ ಕಡೆಯಿಂದ ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ಮೊದಲು ಒಂದು ಸಣ್ಣ ವಿಜ್ಞಾನ ಪಾಠ. ಒಣಗಿದ ಎಲೆ ಸತ್ತ ವಸ್ತುವಾದರೂ ಗಾಳಿಯೊಂದಿಗೆ ಅದರ ಕೊಡುಕೊಳ್ಳುವಿಕೆ ನಿಲ್ಲುವುದಿಲ್ಲ. ಸುತ್ತ ತೇವವಿದ್ದರೆ ಹೀರಿಕೊಳ್ಳುತ್ತದೆ, ಒಣಹವೆಯಿದ್ದರೆ ಬಿಟ್ಟುಕೊಡುತ್ತದೆ. ಹಪ್ಪಳದ ನ್ಯಾಯವೇ ಇಲ್ಲಿಯೂ. ಒದ್ದೆಯಾದ ವಸ್ತುವಿಗೆ ಬೆಂಕಿ ಮುಟ್ಟಿಸಿದರೆ ಆ ಬಿಸಿಯ ಬಹುಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಒಂದು ಗ್ರಾಂ ಕುದಿನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕೆಂದು ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಅದೇ ಲೆಕ್ಕ. ಒದ್ದೆ ಚುಟ್ಟ ಹತ್ತುವುದಿಲ್ಲ. ಹತ್ತಿದರೂ ಒಂದು ಮಗ್ಗುಲು ಉರಿದು ಇನ್ನೊಂದು ಮಗ್ಗುಲು ಹಾಗೇ ಉಳಿಯುತ್ತದೆ. ಎಳೆಯುವುದು ಬಿಟ್ಟ ಕೂಡಲೆ ಆರಿಹೋಗುತ್ತದೆ. ತೀರ ಒಣಗಿದರೂ ಕಷ್ಟವೇ. ಹೊರಎಲೆ ಬಿರುಕು ಬಿಡುತ್ತದೆ, ಭರಭರನೆ ಉರಿದು ಬಾಯಿ ಸುಡುತ್ತದೆ.

ಇದರ ಹಿಂದಿನ ತೊಡಕು ಇನ್ನೂ ಸ್ವಾರಸ್ಯದ್ದು. ಉರಿಯಬೇಕಾದರೆ ಎಲೆ ಒಣಗಿರಬೇಕು, ಸುತ್ತಬೇಕಾದರೆ ಎಲೆ ಒದ್ದೆಯಾಗಿರಬೇಕು. ಒಣ ಎಲೆಯನ್ನು ಸುತ್ತಹೋದರೆ ಕೈಯಲ್ಲೇ ಪುಡಿಯಾಗುತ್ತದೆ. ಆದ್ದರಿಂದ ಹೊಗೆಸೊಪ್ಪಿನ ಉದ್ಯೋಗವೆಂದರೆ ಎಲೆಯನ್ನು ಒಣಗಿಸುವುದು, ಮತ್ತೆ ನೆನೆಸುವುದು, ಮತ್ತೆ ಒಣಗಿಸುವುದು. ಈ ನೆನೆಸುವ, ಒಣಗಿಸುವ ಹೊಣೆ ಯಾರ ತಲೆಯ ಮೇಲೆ ಬಿತ್ತು ಎಂಬುದೇ ನಾನು ಹೇಳಹೊರಟಿರುವ ಚರಿತ್ರೆ.

ಕೊಲಂಬಸನ ಹಡಗಿನ ಇಬ್ಬರು ನಾವಿಕರು 1492ರ ನವೆಂಬರಿನಲ್ಲಿ ಕ್ಯೂಬಾ ದ್ವೀಪದ ಜನರು ಎಲೆಯ ಸುರುಳಿಗೆ ಬೆಂಕಿ ಹಚ್ಚಿ ಹೊಗೆ ಎಳೆಯುವುದನ್ನು ಕಂಡರು. ಯೂರೋಪಿನವರು ಚುಟ್ಟವನ್ನು ಕಂಡದ್ದು ಆಗ. ಪೋರ್ಚುಗೀಸರ ಹಡಗುಗಳಲ್ಲಿ ಹೊಗೆಸೊಪ್ಪು ನಮ್ಮ ಪಶ್ಚಿಮ ತೀರಕ್ಕೂ ಬಂದಿಳಿಯಿತು. ಅದು ದೆಹಲಿ, ಆಗ್ರಾಗಳಿಗೆ ಮುಟ್ಟಿದ್ದು ನಮ್ಮ ಬಿಜಾಪುರದ ಮೂಲಕ ಎಂಬುದು ಅನೇಕರಿಗೆ ಗೊತ್ತಿಲ್ಲ. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿಗಳ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ಹೊಗೆಸೊಪ್ಪನ್ನು ಕಂಡು ಬೆರಗಾಗಿ, 1604ರ ಸುಮಾರಿಗೆ ಅದನ್ನೂ ಒಂದು ರತ್ನಖಚಿತ ಕೊಳವೆಯನ್ನೂ ಬಾದಶಹನಿಗೆ ಒಪ್ಪಿಸಿದ. ಅಕ್ಬರ ಒಂದೆರಡು ದಮ್ಮು ಎಳೆದನಂತೆ. ಆಸ್ಥಾನದ ವೈದ್ಯರು ಬೇಡವೆಂದು ತಡೆದರು. ಮಗ ಜಹಾಂಗೀರ 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದ. ವೈದ್ಯರ ಮಾತೂ ನಿಲ್ಲಲಿಲ್ಲ, ಬಾದಶಹನ ಆಜ್ಞೆಯೂ ನಿಲ್ಲಲಿಲ್ಲ, ಹೊಗೆ ನಿಂತಿತು.

ಚುಟ್ಟದ ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಸ್ಪೇನಿನಲ್ಲಿ. ಸೆವಿಲ್ ನಗರದ ರಾಜ ತಂಬಾಕು ಕಾರ್ಖಾನೆ 18ನೇ ಶತಮಾನದಲ್ಲಿ ಕಟ್ಟಿದ ಅರಮನೆಯಂಥ ಕಟ್ಟಡ. 19ನೇ ಶತಮಾನದ ಆರಂಭದಿಂದ ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಚುಟ್ಟ ಸುತ್ತತೊಡಗಿದರು. ತೇವದ ಎಲೆ, ಮುಚ್ಚಿದ ಕೋಣೆ, ಸುಡು ಬೇಸಗೆ. ಸೆಕೆ ತಾಳಲಾರದೆ ಅವರು ತೆಳುಬಟ್ಟೆಯಲ್ಲಿ ಕೂರುತ್ತಿದ್ದುದನ್ನು ನೋಡಲು ಬಂದ ಗಂಡಸರು ಅದನ್ನೇ ರಸವತ್ತಾಗಿ ಬರೆದರು. ಪ್ರೊಸ್ಪೆರ್ ಮೆರಿಮೆ 1845ರಲ್ಲಿ ‘ಕಾರ್ಮೆನ್’ ಕಥೆ ಬರೆದ. 1875ರಲ್ಲಿ ಬಿಜೆ ಅದನ್ನು ಸಂಗೀತ ನಾಟಕವಾಗಿಸಿದ. ಲೋಕಕ್ಕೆ ಕಾರ್ಮೆನ್ ಒಬ್ಬ ಮೋಹಿನಿಯಾಗಿ ಗೊತ್ತು. ಅವಳು ಚುಟ್ಟದ ಕಾರ್ಖಾನೆಯ ಕೂಲಿಯವಳು ಎಂಬುದನ್ನು ಎಷ್ಟು ಮಂದಿ ನೆನೆಯುತ್ತಾರೋ ಕಾಣೆ. ಆ ಕಟ್ಟಡದಲ್ಲಿ ಈಗ ಸೆವಿಲ್ ವಿಶ್ವವಿದ್ಯಾಲಯವಿದೆ.

ಚುಟ್ಟದ ರಾಜಧಾನಿ ಮಾತ್ರ ಕ್ಯೂಬಾದ ಹವಾನಾ ನಗರವೇ. ಅಲ್ಲಿ ಎಲೆಗೆ ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ, ನಡುನರ ಬಿಡಿಸುತ್ತಾರೆ (ಇದು ಹೆಚ್ಚಾಗಿ ಹೆಂಗಸರ ಕೆಲಸ), ಆಮೇಲೆ ಸುತ್ತುತ್ತಾರೆ. ಸುತ್ತಿದ್ದನ್ನು ಕೂಡಲೆ ಮಾರಾಟಕ್ಕೆ ಕಳಿಸುವುದಿಲ್ಲ. ಮರದ ಕಪಾಟುಗಳ ತಂಪು ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಸುತ್ತುವಾಗ ಕುಡಿದ ಹೆಚ್ಚಿನ ನೀರನ್ನು ನಿಧಾನವಾಗಿ ಬಿಡಿಸುತ್ತಾರೆ. ಆ ಕಪಾಟಿಗೆ ಬಳಸುವ ಮರವನ್ನು ಸೀಡರ್ ಎಂದು ಕರೆದರೂ ಅದು ನಿಜವಾದ ಸೀಡರ್ ಅಲ್ಲ. ನಮ್ಮ ಬೇವು, ಗಂಧಗರಿಗೆಗಳ ಕುಟುಂಬಕ್ಕೆ ಸೇರಿದ ಮರ. ಅದು ತೇವವನ್ನು ಹೀರಿಕೊಂಡು ಬೇಕಾದಾಗ ಬಿಟ್ಟುಕೊಡುತ್ತದೆ. ಚುಟ್ಟ ಸಂಗ್ರಹಿಸುವ ಶ್ರೀಮಂತರು ಮನೆಯಲ್ಲೂ ಅದೇ ಮರದ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಪೆಟ್ಟಿಗೆಯೊಳಗಿನ ಗಾಳಿಯ ತೇವಾಂಶ ನೂರಕ್ಕೆ 65ರಿಂದ 70ರಷ್ಟಿರಬೇಕು. ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಬಿರುಕು. ಸೆಕೆ ಏರಿದರೆ ಹೊಗೆಸೊಪ್ಪಿನ ಹುಳ ಮರಿಯೊಡೆದು ಚುಟ್ಟಕ್ಕೆ ತೂತು ಕೊರೆಯುತ್ತದೆ.

ಈ ತೇವ ಅಳೆಯುವ ಮೀಟರು ಸರಿಯಿದೆಯೇ ಎಂದು ಅವರು ಪರೀಕ್ಷಿಸುವುದು ಹೇಗೆ ಗೊತ್ತೆ? ಅಡುಗೆ ಉಪ್ಪಿನಿಂದ! ಸಣ್ಣ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿ ಮುಚ್ಚಿಡುತ್ತಾರೆ. ಕೆಲವು ಗಂಟೆಗಳಲ್ಲಿ ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತೇವ ಆ 75ನ್ನು ದಾಟಿದ ದಿನ ನಮ್ಮ ಭರಣಿಯ ಉಪ್ಪು ನೀರೊಡೆಯುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಅದು 85–90ರ ಹತ್ತಿರ ಇರುತ್ತದೆ. ಅಂದರೆ ನಮ್ಮ ಅಜ್ಜಿಯಂದಿರು ಮೀಟರಿಲ್ಲದೆ ಓದುತ್ತಿದ್ದುದನ್ನು ಸಾಹುಕಾರರು ಮೀಟರು ಇಟ್ಟು ಓದುತ್ತಾರೆ, ಅಷ್ಟೆ.

ಹವಾನಾದ ಕಾರ್ಖಾನೆಗಳಿಂದ ಇನ್ನೊಂದು ಒಳ್ಳೆಯ ಪದ್ಧತಿ ಹುಟ್ಟಿತು. 1865ರಲ್ಲಿ ಅಲ್ಲಿನ ಕೆಲಸಗಾರರು ತಮಗೆ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳಲು ಒಬ್ಬ ಓದುಗನನ್ನು ಇಟ್ಟುಕೊಂಡರು. ಅವನ ಸಂಬಳವನ್ನು ತಮ್ಮ ಕೂಲಿಯಿಂದಲೇ ಕೂಡಿಸಿ ಕೊಟ್ಟರು. ಕೈ ಎಲೆ ಸುತ್ತುತ್ತಿತ್ತು, ಕಿವಿ ಕಥೆ ಕೇಳುತ್ತಿತ್ತು. ಮರುವರ್ಷವೇ ಸ್ಪೇನಿನ ಆಡಳಿತ ಇದನ್ನು ನಿಷೇಧಿಸಿತು. ಓದು ಕೇಳಿದ ಕೂಲಿಗಳು ಪ್ರಶ್ನೆ ಕೇಳುತ್ತಾರೆಂಬ ಭಯ. ಆದರೂ ಪದ್ಧತಿ ಸಾಯಲಿಲ್ಲ. ಕ್ಯೂಬಾದಲ್ಲಿ ಅದು ಮತ್ತೆ ಚಿಗುರಿತು. ‘ಮಾಂಟಿಕ್ರಿಸ್ಟೊ’, ‘ರೋಮಿಯೋ ಜೂಲಿಯೆಟಾ’ ಎಂದು ಚುಟ್ಟಗಳಿಗೆ ಸಾಹಿತ್ಯದ ಹೆಸರುಗಳೂ ಬಂದವು.

ನಮ್ಮ ದೇಶದಲ್ಲೂ ಚುಟ್ಟಕ್ಕೆ ಹೆಸರಿತ್ತು. ತಿರುಚಿನಾಪಳ್ಳಿಯ ಚುಟ್ಟ ಎಷ್ಟು ಪ್ರಸಿದ್ಧವೆಂದರೆ 1887ರ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ಅದರ ಬೂದಿ ನೋಡಿಯೇ ಗುರುತು ಹಿಡಿಯುತ್ತಾನೆ. ಆಂಧ್ರದ ಶ್ರೀಕಾಕುಳಂ ಕಡಲತೀರದಲ್ಲಿ ಹೆಂಗಸರು ಚುಟ್ಟವನ್ನು ತಲೆಕೆಳಗು ಮಾಡಿ, ಉರಿಯುವ ತುದಿಯನ್ನು ಬಾಯೊಳಗೆ ಇಟ್ಟು ಸೇದುವ ರೂಢಿ ಇತ್ತು. ಕಡಲ ಗಾಳಿಗೂ ನೀರಿಗೂ ಆರದಿರಲಿ ಎಂದು ಇದು ಹುಟ್ಟಿತೆಂದು ಒಂದು ವಿವರಣೆ. ಬೆಂಕಿ ಉಳಿಯಿತು, ಅಂಗುಳು ಸುಟ್ಟಿತು. ಆ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಹೆಚ್ಚಾಗಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಚುಟ್ಟ ಆರದಂತೆ ನೋಡಿಕೊಳ್ಳುವುದಕ್ಕೆ ಸಾಹುಕಾರ ಕೊಟ್ಟ ಬೆಲೆ ಒಂದು ಮರದ ಪೆಟ್ಟಿಗೆ. ಈ ತಾಯಂದಿರು ಕೊಟ್ಟ ಬೆಲೆ ತಮ್ಮ ಬಾಯಿ.

ಇನ್ನು ಬೀಡಿ. ಇದು ಬಡವರ ಚುಟ್ಟ. ಗುಜರಾತು, ಮಧ್ಯಪ್ರಾಂತ್ಯಗಳ ಕಡೆ ಬೆಳೆದ ಈ ಉದ್ಯೋಗ ಸ್ವದೇಶಿ ಚಳವಳಿಯ ಕಾಲದಲ್ಲಿ ಬಲಗೊಂಡು, 1930–40ರ ಹೊತ್ತಿಗೆ ಮಂಗಳೂರಿನಲ್ಲಿ ದೊಡ್ಡ ಕಂಪನಿಗಳಾಗಿ ನಿಂತಿತು. ಎಲೆ ಬರುವುದು ಮಧ್ಯಭಾರತದ ಕಾಡುಗಳ ತೆಂದು ಮರದಿಂದ. ಹೊಗೆಸೊಪ್ಪು ಗುಜರಾತಿನಿಂದ, ನಮ್ಮ ನಿಪ್ಪಾಣಿಯಿಂದ. ನಿಪ್ಪಾಣಿಯ ರೈತರು 1981ರಲ್ಲಿ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು, ಪೊಲೀಸರ ಗುಂಡಿಗೆ ಜೀವ ತೆತ್ತರು. ಇತ್ತ ಎಲೆ ಬೆಳೆಯದ, ಹೊಗೆಸೊಪ್ಪು ಬೆಳೆಯದ ದಕ್ಷಿಣ ಕನ್ನಡ ಒದಗಿಸಿದ್ದು ಬೆರಳುಗಳನ್ನು, ಮುಖ್ಯವಾಗಿ ಹೆಂಗಸರ ಬೆರಳುಗಳನ್ನು.

ಕೆಲಸದ ಕ್ರಮ ಬಲ್ಲವರಿಗೆ ಗೊತ್ತು. ಬ್ರಾಂಚಿನಿಂದ ಎಲೆ, ಪುಡಿ, ನೂಲು ತರಬೇಕು. ರಾತ್ರಿ ಎಲೆಯನ್ನು ನೆನೆಸಿ ಒದ್ದೆಬಟ್ಟೆಯಲ್ಲೋ ಗೋಣಿಯಲ್ಲೋ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸಬೇಕು. ಮೊರ ಮಡಿಲಲ್ಲಿಟ್ಟು, ಚಿಟಿಕೆ ಪುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಎಲೆ ಹೆಚ್ಚು ನೆನೆದರೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ, ಕಡಿಮೆಯಾದರೆ ಒಡೆಯುತ್ತದೆ. ಒಡೆದ ಎಲೆಯ ನಷ್ಟ ಕಂಪನಿಯದಲ್ಲ. ಸಾವಿರ ಬೀಡಿ ಎಣಿಸಿ ಕೊಡಲೇಬೇಕು; ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಹಣ ಕೊಟ್ಟು ಎಲೆ ತರಬೇಕು. ಮಳೆಗಾಲದಲ್ಲಂತೂ ಕಟ್ಟಿದ ಬೀಡಿ ಹಸಿಯಾಗದಂತೆ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವುದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಡೆಯಡಿ ಬ್ರಾಂಚಿಗೆ ಒಯ್ಯುವುದು, ತಾನು ನೆನೆದರೂ ಬೀಡಿ ನೆನೆಯದಂತೆ ನೋಡಿಕೊಳ್ಳುವುದು, ಎಲ್ಲವೂ ಅವಳದೇ. ಕಂಪನಿಯಲ್ಲಿ ಕೊನೆಗೊಮ್ಮೆ ಬೀಡಿಯನ್ನು ಭಟ್ಟಿಯಲ್ಲಿ ಬಿಸಿಮಾಡಿ ಒಣಗಿಸಿ ಕಾಗದ ಸುತ್ತುತ್ತಾರೆ. ಹವಾನಾದಲ್ಲಿ ವಾರಗಟ್ಟಲೆ ನಡೆಯುವ ಕೆಲಸ ಇಲ್ಲಿ ಭಟ್ಟಿಯ ಬಿಸಿಯಲ್ಲಿ ಬೇಗನೆ ಮುಗಿಯುತ್ತದೆ.

ಇಲ್ಲಿಗೆ ನನ್ನ ಮುಖ್ಯ ಮಾತು ಬಂತು. ಹವಾನಾದಲ್ಲಿ ತೇವ ಕಾಯುವ ಕೋಣೆ ಮಾಲೀಕನದು, ಕಪಾಟು ಮಾಲೀಕನದು. ನಮ್ಮಲ್ಲಿ ಆ ಕೋಣೆ ಬೀಡಿ ಕಟ್ಟುವವಳ ಮನೆ. ಅವಳ ನೀರು, ಅವಳ ಗೋಣಿ, ಅವಳ ಒಲೆ. ಆ ಒಂದೇ ಕೋಣೆಯಲ್ಲಿ ಮಗು ಮಲಗುತ್ತದೆ, ಹೊಗೆಸೊಪ್ಪಿನ ಧೂಳು ಉಸಿರಾಡುತ್ತದೆ. ಬಾಡಿಗೆ ಕೊಡದೆ ಸಿಕ್ಕ ಗೋದಾಮು ಅದು.

ಸರಕಾರಕ್ಕೆ ಇದು ತಿಳಿಯದೆ ಇರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಓದಿದರೆ, ಎಲೆ ನೆನೆಸುವ ಮತ್ತು ಕತ್ತರಿಸುವ ಕೆಲಸದ ಪ್ರಸ್ತಾಪ ಅದರಲ್ಲೇ ಇತ್ತು. ಈ ಕೆಲಸವನ್ನು ಕಾರ್ಖಾನೆಯ ಹೊರಗೆ ಮಾಡಿಸಬೇಕಾದರೆ ಮಾಲೀಕ ರಾಜ್ಯ ಸರಕಾರದ ಅನುಮತಿ ಕೇಳಬೇಕಿತ್ತು. ಅದರ ಕೆಳಗೆ ರಾಜ್ಯಗಳು ಮಾಡಿದ ನಿಯಮಗಳಲ್ಲಿ, ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸಬಾರದೆಂದು ಬರೆಯಲಾಗಿತ್ತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ, 1977ರಲ್ಲಿ ಪ್ರಾವಿಡೆಂಟ್ ಫಂಡು ಬಂದವು. ಮನೆಯಲ್ಲಿ ಕೂತು ಕಟ್ಟುವವರಿಗೂ ಫಂಡು ಸಲ್ಲಬೇಕೆಂದು 1985ರಲ್ಲಿ ಅದೇ ಕೋರ್ಟು ಹೇಳಿತು. ಮನೆಯಲ್ಲಿ ಕೂತು ದುಡಿಯುವ ಹೆಂಗಸೂ ಕಾರ್ಮಿಕಳೇ ಎಂದು ಒಪ್ಪಿಸಲು ಇಷ್ಟು ವರ್ಷ ಬೇಕಾಯಿತು.

ಗಡಿಯಾಚೆಯ ಕಣ್ಣೂರಿನಲ್ಲಿ ಕಥೆ ಬೇರೆಯಾಯಿತು. ಅಲ್ಲಿ ಗಂಡಸರೇ ಹೆಚ್ಚಾಗಿ ಒಂದೆಡೆ ಕುಳಿತು ಬೀಡಿ ಕಟ್ಟುತ್ತಿದ್ದರು. ಹವಾನಾದಂತೆಯೇ ಒಬ್ಬ ಪತ್ರಿಕೆ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಕೇರಳ 1968ರಲ್ಲಿ ಕಾಯ್ದೆಯನ್ನು ಜಾರಿಗೆ ತಂದಾಗ ಮಂಗಳೂರಿನ ಕಂಪನಿಗಳು ಅಲ್ಲಿನ ಶಾಖೆಗಳನ್ನು ಮುಚ್ಚಿ ಬಂದವು. ಸಾವಿರಾರು ಜನ ಬೀದಿಗೆ ಬಿದ್ದರು. 1969ರಲ್ಲಿ ಅವರೆಲ್ಲ ಸೇರಿ ಕಟ್ಟಿದ ಸಹಕಾರ ಸಂಘವೇ ದಿನೇಶ್ ಬೀಡಿ. ನಮ್ಮ ಹೆಂಗಸರು ಒಂದೆಡೆ ಕೂಡಿ ಕೂತವರಲ್ಲ. ಬಿಡಿಬಿಡಿಯಾಗಿ ಅವರವರ ಜಗಲಿಯಲ್ಲಿ ಕೂತವರು. ಅವರಿಗೆ ಓದಿ ಹೇಳುವವರು ಇರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋ ಅವರ ಓದುಗನಾಯಿತು. ಆದರೆ ರೇಡಿಯೋಗೆ ಪ್ರಶ್ನೆ ಕೇಳಲಿಕ್ಕಾಗುವುದಿಲ್ಲವಲ್ಲ!

ಬೀಡಿ ಆರುವ ವಿಷಯಕ್ಕೆ ಮತ್ತೆ ಬರೋಣ. ಸಿಗರೇಟಿನ ಕಾಗದಕ್ಕೆ ತಾನಾಗಿ ಉರಿಯುತ್ತ ಹೋಗಲೆಂದು ಲವಣ ಸೇರಿಸಿರುತ್ತಾರೆ. ಬೀಡಿಯ ಎಲೆಗೆ ಅಂಥ ಸಹಾಯವಿಲ್ಲ. ತೆಂದು ಎಲೆಯಲ್ಲಿ ಗಾಳಿ ಸುಲಭವಾಗಿ ಆಡುವುದೂ ಇಲ್ಲ. ಹಾಗಾಗಿ ಒಂದು ನಿಮಿಷ ಬಿಟ್ಟರೆ ಬೀಡಿ ಆರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಆರಬಾರದೆಂದು ಸೇದುವವನು ಮತ್ತೆ ಮತ್ತೆ, ಜೋರಾಗಿ ಎಳೆಯುತ್ತಾನೆ. ಇದರಿಂದಲೇ ಪುಟ್ಟ ಬೀಡಿಯಿಂದ ಒಳಸೇರುವ ವಿಷ ಸಿಗರೇಟಿನದಕ್ಕಿಂತ ಕಡಿಮೆಯಲ್ಲ, ಹೆಚ್ಚೇ ಎಂದು ವೈದ್ಯರು ಹೇಳುತ್ತಾರೆ. “ಬೀಡಿ ತಾನೇ, ಸಿಗರೇಟಲ್ಲವಲ್ಲ” ಎಂದು ಸಮಾಧಾನ ಹೇಳುವ ಗಂಡಂದಿರು ನಮ್ಮಲ್ಲಿದ್ದಾರೆ. ಅವರಿಗೆ ಈ ಲೆಕ್ಕವನ್ನು ನಾವು ಹೇಳಬೇಕು.

ತೇವ ವಿಷವನ್ನು ಒಯ್ಯುವ ಇನ್ನೊಂದು ದಾರಿಯೂ ಇದೆ. ಹಸಿ ಹೊಗೆಸೊಪ್ಪಿನ ಮೇಲೆ ಇಬ್ಬನಿಯೋ ಮಳೆಯೋ ಬಿದ್ದಿರುವಾಗ ಬರಿಗೈಯಲ್ಲಿ ಎಲೆ ಕೀಳುವವರ ಚರ್ಮದ ಮೂಲಕ ನಿಕೋಟಿನ್ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ನಿಶ್ಶಕ್ತಿ ಬರುತ್ತವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿನ ಹೊಗೆಸೊಪ್ಪು ಬೆಳೆಯುವುದು ಮಳೆಗಾಲದಲ್ಲೇ. ಅದನ್ನು ಕೀಳುವ, ಕೋಲಿಗೆ ಕಟ್ಟುವ ಕೆಲಸದಲ್ಲಿ ಹೆಂಗಸರ ಕೈಗಳೇ ಬಹಳ. ಒಮ್ಮೆಯೂ ಸೇದದವಳ ಮೈಗೂ ಹೊಗೆಸೊಪ್ಪು ಸೇರುವ ಬಗೆ ಇದು.

2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2009ರಿಂದ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದವು. ಬೀಡಿ ಕಡಿಮೆಯಾಗುವುದು ಒಳ್ಳೆಯದೇ, ಅದರಲ್ಲಿ ನನಗೆ ಸಂಶಯವಿಲ್ಲ. ಈಗ ನಮ್ಮ ಕಡೆ ಹರೆಯದ ಹುಡುಗಿಯರು ಮೊರ ಹಿಡಿಯುವುದು ಅಪರೂಪ. ಅವರು ಅಂಗಡಿ, ಆಸ್ಪತ್ರೆ, ಆಫೀಸುಗಳಿಗೆ ಹೋಗುತ್ತಾರೆ. ಅವರನ್ನು ಓದಿಸಿದ ಅಮ್ಮಂದಿರು ಮಾತ್ರ ಬಗ್ಗಿದ ಬೆನ್ನು, ಕೆಮ್ಮು, ಹಳದಿಗಟ್ಟಿದ ಬೆರಳುಗಳೊಂದಿಗೆ ಅದೇ ಜಗಲಿಯಲ್ಲಿದ್ದಾರೆ. ಬೀಡಿ ಬೇಡ ಎನ್ನುವ ನಾವು ಇವರ ಮುಂದಿನ ದಾರಿ ಏನು ಎಂದೂ ಕೇಳಬೇಕಲ್ಲವೆ?

ಕಣ್ಣೂರಿನ ಸಂಘ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿತು. ಬೀಡಿಯ ಕಾಲ ಮುಗಿಯುತ್ತಿದೆ ಎಂದು ಕಂಡು ತೆಂಗಿನಹಾಲು, ಉಪ್ಪಿನಕಾಯಿ, ಮಸಾಲೆಪುಡಿ, ಬಟ್ಟೆ, ಕೊಡೆಗಳ ತಯಾರಿಕೆಗೆ ಇಳಿಯಿತು. ಬೀಡಿ ಕಟ್ಟುತ್ತಿದ್ದ ಕೈಗಳಿಗೆ ಬೇರೆ ಕೆಲಸ ಬರುವುದಿಲ್ಲ ಎಂಬ ಮಾತನ್ನು ಅದು ಸುಳ್ಳು ಮಾಡಿದೆ. ಗಾಳಿಯ ತೇವ ನೋಡಿ ಎಲೆಗೆ ಎಷ್ಟು ನೀರು ಬೇಕೆಂದು ಕೈಯಲ್ಲೇ ಅಳೆಯಬಲ್ಲ ಹೆಂಗಸಿಗೆ ಹಪ್ಪಳ, ಉಪ್ಪಿನಕಾಯಿ, ಒಣಮೀನುಗಳ ಹದ ಹೇಳಿಕೊಡಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಒಂದು ಸಂಘ, ಸ್ವಲ್ಪ ಬಂಡವಾಳ, ಮಾಡಿದ್ದನ್ನು ಮಾರುವ ದಾರಿ. ಜೊತೆಗೆ, ಸಾವಿರದ ಲೆಕ್ಕದಲ್ಲಿ ದುಡಿದ ಅಷ್ಟೂ ವರ್ಷಗಳ ಫಂಡು ಮತ್ತು ಪಿಂಚಣಿ ಅವಳ ಕೈಗೆ ಸರಿಯಾಗಿ ಸೇರಬೇಕು. ನಮ್ಮಲ್ಲಿ ಓದುಬರಹ ಬಲ್ಲವರು ಆ ಪಾಸುಬುಕ್ಕುಗಳನ್ನು ಬಿಡಿಸಿ, ಅರ್ಜಿ ತುಂಬಿಸಿಕೊಟ್ಟರೆ ಅದೂ ಒಂದು ಓದಿ ಹೇಳುವ ಕೆಲಸವೇ.